ಫಾರ್ಮುಲಾ ಫೋರ್ಡ್ ಕಾರಿನ ಒಂದು ಸೀಸನ್: ಬಿಚ್ಚಿದ್ದು, ಅಳೆದದ್ದು, ಮತ್ತೆ ಕೂರಿಸಿದ್ದು

ಅಕ್ಕನ ಮಗಳು ಕಾರ್ಟಿಂಗ್ ಬಿಟ್ಟು ಈ ವರ್ಷ ಸಿಂಗಲ್ ಸೀಟರ್‌ಗೆ, ಅಂದರೆ ಒಬ್ಬರೇ ಕೂರುವ ರೇಸ್ ಕಾರಿಗೆ, ಬಂದಳು. ಓಡಿಸೋದು ಅವಳ ಕೆಲಸ, ಕಾರು ನೋಡಿಕೊಳ್ಳೋದು ನನ್ನ ಕೆಲಸ ಅಂತ ಮೊದಲೇ ಮಾತಾಗಿತ್ತು. ಸೀಸನ್ ಪೂರ್ತಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಬಿಚ್ಚಿದ್ದು, ಅಳೆದದ್ದು, ಬದಲಾಯಿಸಿದ್ದು ಎಲ್ಲ ಅದರಲ್ಲಿದೆ. ಇಂಥ ಕಾರಿನ ಮೇಲೆ ಕೈಯಿಡುವವರಿಗೆ ಉಪಯೋಗವಾಗುವ ಭಾಗಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಲಿಯುತ್ತಿರುವ ಚಾಲಕರಿಗೆ ವೇಗದ ಕಾರಿಗಿಂತ ಮಾತು ತಪ್ಪದ ಕಾರು ಮುಖ್ಯ. ನಿನ್ನೆ ಒಂದು ತಿರುವಿನಲ್ಲಿ ಹೇಗೆ ನಡೆದುಕೊಂಡಿತೋ ಇವತ್ತೂ ಹಾಗೇ ನಡೆದುಕೊಳ್ಳಬೇಕು, ಎಡಕ್ಕೆ ಹೇಗೋ ಬಲಕ್ಕೂ ಹಾಗೇ ತಿರುಗಬೇಕು. ಹಾಗಿಲ್ಲದಿದ್ದರೆ ಸಮಯ ಹೋದದ್ದು ತನ್ನ ಕೈಯಿಂದಲೋ ಕಾರಿನಿಂದಲೋ ಅಂತ ಆ ಮಗುವಿಗೆ ಹೇಗೆ ಗೊತ್ತಾಗಬೇಕು? ವರ್ಷವಿಡೀ ನಾನು ಮಾಡಿದ ಕೆಲಸ ಹೆಚ್ಚುಕಡಿಮೆ ಇದೊಂದೇ.

ಕಾರು ಹಳೆಯ ಫಾರ್ಮುಲಾ ಫೋರ್ಡ್ 1600. ಸ್ಟೀಲ್ ಪೈಪುಗಳ ಚೌಕಟ್ಟು, ಹಿಂದುಗಡೆ ಫೋರ್ಡ್ ಕೆಂಟ್ ಎಂಜಿನ್, ಅದರ ಹಿಂದೆ ಹ್ಯೂಲ್ಯಾಂಡ್ ಕಂಪನಿಯ ನಾಲ್ಕು ಗೇರಿನ ಗೇರ್‌ಬಾಕ್ಸ್. ಗಾಳಿಯಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಗಳಿಲ್ಲ, ಸ್ಲಿಕ್ ಟೈರಿಲ್ಲ, ಗೀರುಗಳಿರುವ ಟೈರು ಮಾತ್ರ. ಎಂಜಿನ್ ಕೊಡೋದು ಸುಮಾರು 110 ಎಚ್‌ಪಿ. ಈ ದರ್ಜೆಯ ಮೊದಲ ರೇಸ್ 1967ರ ಜುಲೈನಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ನಡೆಯಿತು. ಕಡಿಮೆ ಖರ್ಚಿನಲ್ಲಿ ಹುಡುಗರು ರೇಸಿಂಗ್ ಕಲಿಯಲಿ ಅಂತಲೇ ಶುರುವಾದದ್ದು. ಮುಂದೆ ಫಾರ್ಮುಲಾ 1 ವಿಶ್ವ ಚಾಂಪಿಯನ್ ಆದ ಅಯರ್ಟನ್ ಸೆನ್ನಾ 1981ರಲ್ಲಿ ಬ್ರೆಜಿಲ್‌ನಿಂದ ಇಂಗ್ಲೆಂಡಿಗೆ ಬಂದು ಮೊದಲು ಓಡಿಸಿದ್ದು ಇದನ್ನೇ, ವ್ಯಾನ್ ಡೀಮೆನ್ ಕಂಪನಿಯ ಕಾರಿನಲ್ಲಿ. 1998ರಲ್ಲಿ ಇನ್ನೊಬ್ಬ ಮುಂದಿನ ಫಾರ್ಮುಲಾ 1 ಚಾಂಪಿಯನ್ ಜೆನ್ಸನ್ ಬಟನ್ ಗೆದ್ದದ್ದೂ ಬ್ರಿಟನ್ನಿನ ಫಾರ್ಮುಲಾ ಫೋರ್ಡ್ ಚಾಂಪಿಯನ್‌ಶಿಪ್ಪೇ, ಆ ಹೊತ್ತಿಗೆ ಅಲ್ಲಿ ಕೆಂಟ್ ಹೋಗಿ ಜೆಟೆಕ್ ಎಂಜಿನ್ ಬಂದಿತ್ತು.

2014ರಿಂದ ಮೋಟಾರ್ ರೇಸಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಫಾರ್ಮುಲಾ 4 ಇದೆಯಲ್ಲ, ಅದನ್ನೇ ಯಾಕೆ ತಗೊಳ್ಳಲಿಲ್ಲ ಅಂತ ಕೇಳಬಹುದು. ಅದು ಒಳ್ಳೆಯ ಕಾರು, ಸುಮಾರು 160ರಿಂದ 180 ಎಚ್‌ಪಿ, ಕಾರ್ಬನ್ ಫೈಬರ್ ಗೂಡು, ಸುರಕ್ಷತೆಯೂ ಜಾಸ್ತಿ. ಆದರೆ ಕಾರ್ಬನ್ ಗೂಡಿಗೆ ಪೆಟ್ಟು ಬಿದ್ದರೆ ಶೆಡ್ಡಿನಲ್ಲಿ ಕೂತು ಸರಿಮಾಡೋಕಾಗಲ್ಲ, ವಿಶೇಷ ಜಾಗಕ್ಕೆ ಕಳಿಸಬೇಕು. ಸ್ಟೀಲ್ ಪೈಪಿನ ಚೌಕಟ್ಟಿನಲ್ಲಿ ಏನಾಗಿದೆ ಅನ್ನೋದು ಕಣ್ಣಿಗೆ ಕಾಣುತ್ತೆ, ಅಳತೆಗೆ ಸಿಗುತ್ತೆ, ಗರಗಸ ಮತ್ತು ಗ್ಯಾಸ್ ಟಾರ್ಚಿನಿಂದ ಸರಿಹೋಗುತ್ತೆ. ಇನ್ನೊಂದು ಕಾರಣವೂ ಇದೆ. ರೆಕ್ಕೆ ಇಲ್ಲದ ಕಾರಿನಲ್ಲಿ ಹಿಡಿತವೆಲ್ಲ ಟೈರು ಮತ್ತು ಸಸ್ಪೆನ್ಷನ್‌ನಿಂದಲೇ ಬರಬೇಕು. ಹಾಗಾಗಿ ಕಾರು ಏನು ಹೇಳುತ್ತಿದೆ ಅನ್ನೋದು ಕೂತವರಿಗೆ ನೇರವಾಗಿ ತಿಳಿಯುತ್ತೆ.

ಸೀಸನ್‌ಗೆ ಮುಂಚೆ: ಚೌಕಟ್ಟು

ಎಲ್ಲ ಬಿಚ್ಚಿದೆ. ಬಾಡಿ, ಸೀಟು, ವೈರಿಂಗ್, ಪೆಟ್ರೋಲ್ ಟ್ಯಾಂಕ್, ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್. ಬರೀ ಚೌಕಟ್ಟು ಸ್ಟ್ಯಾಂಡ್ ಮೇಲೆ ನಿಂತಿತು. ಅರ್ಧಂಬರ್ಧ ಬಿಚ್ಚಿ ನೋಡಿದರೆ ಪ್ರಯೋಜನವಿಲ್ಲ. ಬಿರುಕು ಬಿಡುವ ಜಾಗಗಳು ಯಾವಾಗಲೂ ಏನಾದರೊಂದರ ಹಿಂದೆ ಅವಿತಿರುತ್ತವೆ: ಸಸ್ಪೆನ್ಷನ್ ಬ್ರಾಕೆಟ್ಟಿನ ಬುಡ, ಎಂಜಿನ್ ಮೌಂಟಿನ ಸುತ್ತ, ಪೆಡಲ್ ಪೆಟ್ಟಿಗೆಯ ಕೆಳಗಿನ ಅಡ್ಡಪೈಪು, ರೋಲ್ ಹೂಪಿನ (ಕಾರು ಮಗುಚಿದರೆ ತಲೆ ಕಾಯುವ ಕಮಾನು) ಹಿಂದಿನ ಊರುಗೋಲು ಚೌಕಟ್ಟಿಗೆ ಸೇರುವ ಕಡೆ.

ಬಿರುಕು ಹುಡುಕೋಕೆ ಡೈ ಪೆನಿಟ್ರಂಟ್, ಅಂದರೆ ಬಿರುಕಿನೊಳಗೆ ಇಳಿಯುವ ಬಣ್ಣ, ಬಳಸಿದೆ. ಜೋಡಣೆಯ ಜಾಗದ ಪೇಂಟ್ ಪೂರ್ತಿ ತೆಗೆಯಬೇಕು. ಗ್ರೈಂಡರ್ ಮಾತ್ರ ಹಾಕಬೇಡಿ. ಉಜ್ಜಿದ ಲೋಹ ಬಿರುಕಿನ ಬಾಯಿಯ ಮೇಲೆ ಸವರಿಕೊಂಡು ಮುಚ್ಚಿಬಿಡುತ್ತೆ, ಆಮೇಲೆ ಎಷ್ಟು ಡೈ ಹೊಡೆದರೂ ಒಳಗೆ ಇಳಿಯಲ್ಲ. ಪೇಂಟ್ ರಿಮೂವರ್ ಹಾಕಿ, ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆದು, ಕ್ಲೀನರ್‌ನಿಂದ ಒರೆಸಿದೆ. ಆಮೇಲೆ ಕೆಂಪು ಡೈ. ಹದಿನೈದು ನಿಮಿಷ ಹಾಗೇ ಬಿಟ್ಟೆ. ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಮೇಲಿನ ಬಣ್ಣ ಒರೆಸಿದೆ. ಡಬ್ಬಿಯಿಂದ ನೇರವಾಗಿ ಜಾಗದ ಮೇಲೆ ಹೊಡೆದರೆ ಬಿರುಕಿನೊಳಗಿನ ಡೈಯೂ ತೊಳೆದುಹೋಗುತ್ತೆ. ಕೊನೆಗೆ ತೆಳ್ಳಗೆ ಬಿಳಿ ಡೆವಲಪರ್. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ನಿಧಾನವಾಗಿ ಮೂಡುತ್ತೆ.

ನಮ್ಮದರಲ್ಲಿ ಬಲಗಡೆ ಹಿಂದಿನ ಕೆಳ ವಿಶ್‌ಬೋನ್ (ಚಕ್ರವನ್ನು ಚೌಕಟ್ಟಿಗೆ ಸೇರಿಸುವ ಕವೆಯಾಕಾರದ ತೋಳು) ಬ್ರಾಕೆಟ್ಟಿನ ಬುಡದಲ್ಲಿ ಒಂದು ಗೆರೆ ಮೂಡಿತು. ಬರಿಗಣ್ಣಿಗೆ ಅಲ್ಲಿ ಏನೂ ಕಂಡಿರಲಿಲ್ಲ.

ಈಗ ಮುಖ್ಯವಾದ ಮಾತು. ಆ ಹಳೆಯ ಕಾಲದ ಬ್ರಿಟಿಷ್ ಚೌಕಟ್ಟುಗಳಲ್ಲಿ ಬಹಳಷ್ಟು ವೆಲ್ಡ್ ಮಾಡಿದವಲ್ಲ, ಕಂಚಿನ ತಂತಿಯಿಂದ ಬ್ರೇಜ್ ಮಾಡಿದವು, ಅಂದರೆ ಸ್ಟೀಲನ್ನು ಕರಗಿಸದೆ ಕಂಚನ್ನು ಮಾತ್ರ ಕರಗಿಸಿ ಅಂಟಿಸಿದವು. ಜೋಡಣೆಯನ್ನು ಸ್ವಲ್ಪ ಫೈಲ್ ಮಾಡಿ ನೋಡಿದರೆ ಹಳದಿ ಬಣ್ಣ ಕಾಣುತ್ತೆ. ಅದರ ಮೇಲೆ ಟಿಗ್ ವೆಲ್ಡಿಂಗ್ ಹಾಕಲೇಬಾರದು. ಸ್ಟೀಲು ಕರಗುವ ಬಿಸಿಗೆ ಕಂಚಿನಲ್ಲಿರುವ ತಾಮ್ರ ಸ್ಟೀಲಿನ ಕಣಗಳ ಸಂದಿಗೆ ನುಗ್ಗುತ್ತೆ. ಹೊರಗೆ ಚೆಂದದ ವೆಲ್ಡ್ ಕಾಣಿಸುತ್ತೆ, ಪಕ್ಕದಲ್ಲೇ ಹೊಸ ಬಿರುಕು ಹುಟ್ಟಿರುತ್ತೆ. ಒಳ್ಳೆಯ ವೆಲ್ಡರ್‌ಗಳೂ ಈ ವಿಷಯ ಗೊತ್ತಿಲ್ಲದೆ ಚೌಕಟ್ಟು ಹಾಳುಮಾಡುತ್ತಾರೆ, ಕಾರು ಕೊಡುವ ಮುಂಚೆ ನೀವೇ ಕೇಳಿ, ನೀವೇ ಹೇಳಿ. ನಾನು ಬ್ರಾಕೆಟ್ಟನ್ನು ಬಿಸಿಮಾಡಿ ಬಿಡಿಸಿ, ಹಳೆಯ ಕಂಚನ್ನು ಫೈಲ್‌ನಿಂದ ತೆಗೆದು, ಪೈಪಿನಲ್ಲಿ ಬಿರುಕು ಮುಂದುವರಿದಿಲ್ಲ ಅಂತ ಮತ್ತೆ ಡೈ ಹಾಕಿ ನೋಡಿ, ಹೊಸ ಬ್ರಾಕೆಟ್ಟನ್ನು ಫ್ಲಕ್ಸ್ ಮತ್ತು ಕಂಚಿನ ತಂತಿಯಿಂದಲೇ ಕೂರಿಸಿದೆ. ಬಿಡಿಸುವ ಮುಂಚೆ ಬ್ರಾಕೆಟ್ಟಿನ ತೂತುಗಳಿಗೆ ಒಂದು ಕಬ್ಬಿಣದ ಸರಳು ಸೇರಿಸಿ, ಅದನ್ನು ಚೌಕಟ್ಟಿನ ಇನ್ನೆರಡು ಗಟ್ಟಿ ಜಾಗಕ್ಕೆ ಕಟ್ಟಿಹಾಕಿದ್ದರಿಂದ ಹೊಸದು ಹಳೆಯದರ ಜಾಗದಲ್ಲೇ ಕೂತಿತು.

ಚೌಕಟ್ಟು ಖಾಲಿ ಇರುವಾಗಲೇ ಎಲ್ಲ ಸಸ್ಪೆನ್ಷನ್ ತೂತುಗಳ ನಡುವಿನ ಅಳತೆ ಬರೆದುಕೊಂಡೆ. ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ, ಹೀಗೆ ಕರ್ಣಗಳೂ ಸೇರಿದಂತೆ. ಅರ್ಧ ದಿನದ ಬೇಸರದ ಕೆಲಸ. ಈ ಪುಟವೇ ಆಮೇಲೆ ನಮ್ಮ ಸೀಸನ್ ಉಳಿಸಿತು.

ರಾಡ್ ಎಂಡ್, ಬ್ರೇಕ್, ಎಂಜಿನ್

ರಾಡ್ ಎಂಡ್‌ಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸಸ್ಪೆನ್ಷನ್ ತೋಳುಗಳ ತುದಿಯಲ್ಲಿ ಚೆಂಡಿನ ಮೇಲೆ ತಿರುಗುವ ಕೀಲುಗಳು ಇವು. ಕೈಗೆ ಆಟ ಸಿಕ್ಕಿದರೆ ತೆಗೆದು ಬಿಸಾಡಿ. ತಿರುಪಿನ ಎಳೆಗಳು ಒಳಗೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಹೋಗಿರಬೇಕು. ಎಲ್ಲಿ ಚೆಂಡು ಕಿತ್ತು ಬಂದರೆ ಚಕ್ರವೇ ಕೈಬಿಡುತ್ತದೋ ಅಲ್ಲಿ ದೊಡ್ಡ ವಾಷರ್ ಇರಲೇಬೇಕು, ಚೆಂಡು ಬಂದರೂ ರಾಡ್ ಎಂಡಿನ ಹೊರ ಉಂಗುರ ಬೋಲ್ಟಿನಿಂದ ಆಚೆ ಹೋಗಬಾರದು. ನೈಲಾಕ್ (ಒಳಗೆ ನೈಲಾನ್ ಉಂಗುರವಿರುವ) ನಟ್ಟು ಒಂದು ಸಲ ಬಿಚ್ಚಿದ ಮೇಲೆ ಹೊಸದು. ಬಿಗಿಮಾಡಿದ ಪ್ರತಿ ನಟ್ಟಿನ ಮೇಲೂ ಬೋಲ್ಟಿನವರೆಗೆ ಹಳದಿ ಪೇಂಟಿನ ಗೆರೆ ಎಳೆದೆ, ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಎರಡು ಸೆಷನ್ ನಡುವೆ ಟಾರ್ಚ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರೆ ಎಲ್ಲವೂ ಗೊತ್ತಾಗುತ್ತೆ.

ಬ್ರೇಕಿಗೆ ಎರಡು ಮಾಸ್ಟರ್ ಸಿಲಿಂಡರ್, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ನಡುವೆ ಪೆಡಲಿನ ಒತ್ತಡವನ್ನು ಎರಡಕ್ಕೂ ಹಂಚುವ ಬ್ಯಾಲೆನ್ಸ್ ಬಾರ್. ಬಾರಿನ ಎರಡು ಕೊನೆಗಳಲ್ಲೂ ಸ್ವಲ್ಪ ಸಡಿಲ ಬೇಕು, ಪೆಡಲ್ ಪೂರ್ತಿ ಒತ್ತಿದಾಗ ಬಾರ್ ಓರೆಯಾಗುತ್ತೆ, ಆಗ ಸಿಕ್ಕಿಹಾಕಿಕೊಳ್ಳಬಾರದು. ಫ್ಲೂಯಿಡ್ ಎಲ್ಲ ತೆಗೆದು ಹೊಸದು ಹಾಕಿದೆ. ಡಾಟ್ 4 ಎಂಬ ಬ್ರೇಕ್ ಫ್ಲೂಯಿಡ್ ಮಾನದಂಡದ ಪ್ರಕಾರ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಗಾಳಿಯಿಂದಲೇ ತೇವ ಹೀರುವ ದ್ರವ ಇದು, ಹಾಗಾಗಿ ತೆರೆದಿಟ್ಟ ಹಳೆಯ ಡಬ್ಬಿ ಬೇಡ.

ಎಂಜಿನ್ ಒಳಗೆ ನಾನು ಕೈಹಾಕಲಿಲ್ಲ. ಕೆಂಟ್ 1600ರ ಸಿಲಿಂಡರ್ ಅಳತೆ 81 ಮಿ.ಮೀ, ಸ್ಟ್ರೋಕ್ 77.6 ಮಿ.ಮೀ, ಮೇಲೆ ಒಂದೇ ವೆಬರ್ 32/36 ಕಾರ್ಬ್ಯುರೇಟರ್. ನಿಯಮ ಬಿಗಿಯಾಗಿದೆ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಶಕ್ತಿ. ನಾನು ಮಾಡಿದ್ದು ಲೀಕ್‌ಡೌನ್ ಪರೀಕ್ಷೆ ಮಾತ್ರ. ಪಿಸ್ಟನ್ ಮೇಲಿರುವಾಗ ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು. ಕಾರ್ಬ್ಯುರೇಟರ್‌ನಲ್ಲಿ ಸುಯ್ ಅಂದರೆ ಇನ್‌ಲೆಟ್ ವಾಲ್ವು, ಸೈಲೆನ್ಸರ್ ಕಡೆ ಅಂದರೆ ಎಕ್ಸಾಸ್ಟ್ ವಾಲ್ವು, ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗು, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ನಾಲ್ಕೂ ಸಿಲಿಂಡರ್ ಶೇಕಡಾ 10ರ ಒಳಗಿದ್ದವು. ಹಾಗೇ ಬಿಟ್ಟೆ.

ನೆಲ, ದಾರ, ತೂಕ

ಕಾರನ್ನು ಸೆಟ್ ಮಾಡೋಕೆ ಮೊದಲು ನೆಲ ಸೆಟ್ ಮಾಡಬೇಕು. ನಾಲ್ಕು ಚಕ್ರ ನಿಲ್ಲುವ ಜಾಗಗಳ ಮಟ್ಟವನ್ನು ಉದ್ದದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನೋಡಿದೆ, ಮನೆ ಕಟ್ಟುವವರು ಮಾಡುವ ಹಾಗೆ. ಕಡಿಮೆ ಇದ್ದ ಕಡೆ ತೆಳು ತಗಡು ಇಟ್ಟು ಸರಿಮಾಡಿ, ಚಕ್ರದ ಜಾಗಗಳನ್ನು ಪೇಂಟಿನಿಂದ ಗುರುತು ಹಾಕಿದೆ. ಇನ್ನು ಮೇಲೆ ಕಾರು ಯಾವಾಗಲೂ ಅಲ್ಲೇ ನಿಲ್ಲಬೇಕು.

ಟೈರಿನ ಗಾಳಿ ಸರಿಮಾಡಿ, ಅವಳ ತೂಕದಷ್ಟು ಮರಳಿನ ಚೀಲಗಳನ್ನು ಸೀಟಿನಲ್ಲಿಟ್ಟು, ತಿರುವಿನಲ್ಲಿ ಕಾರು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಆಂಟಿ ರೋಲ್ ಬಾರ್‌ನ ಒಂದು ಕೊಂಡಿ ಬಿಚ್ಚಿಟ್ಟೆ. ಬಾರ್ ಬಿಚ್ಚದೆ ತೂಕ ನೋಡಿದರೆ ಅದರೊಳಗಿನ ಎಳೆತ ಲೆಕ್ಕವನ್ನೆಲ್ಲ ಕೆಡಿಸುತ್ತೆ. ಮರಳಿನ ಚೀಲ ಇಡುವಾಗಲೂ ಒಂದು ಸೂಕ್ಷ್ಮ ಇದೆ, ಚಾಲಕಿ ಮಲಗಿದ ಹಾಗೆ ಕೂರುತ್ತಾಳೆ, ಕಾಲಿನ ತೂಕ ಮುಂದಿರುತ್ತೆ, ಎಲ್ಲವನ್ನೂ ಸೀಟಿನ ಕುಳಿಯಲ್ಲೇ ತುಂಬಿದರೆ ಹಿಂದಿನ ಚಕ್ರಗಳ ತೂಕ ಸುಳ್ಳು ತೋರಿಸುತ್ತೆ.

ಆಮೇಲೆ ದಾರ. ಕಾರಿನ ಎರಡೂ ಬದಿಗೆ ಚಕ್ರದ ನಡುಮಟ್ಟದಲ್ಲಿ ಮೀನಿನ ಗಾಳದ ದಾರ ಎಳೆದು ಕಟ್ಟಿದೆ. ಈ ದಾರಗಳು ಚೌಕಟ್ಟಿನ ನಡುಗೆರೆಗೆ ಸಮಾನಾಂತರವಾಗಿರಬೇಕು, ಚಕ್ರಗಳಿಗಲ್ಲ. ಮುಂದಿನ ಎರಡು ಚಕ್ರಗಳ ನಡುವಿನ ಅಗಲ, ಹಿಂದಿನ ಎರಡರ ನಡುವಿನ ಅಗಲ ಬೇರೆಬೇರೆ ಇರುತ್ತೆ, ಹಾಗಾಗಿ ಚಕ್ರವನ್ನು ನಂಬಿ ದಾರ ಕಟ್ಟಿದರೆ ಶುರುವಿನಲ್ಲೇ ಎಡವಟ್ಟು. ರಿಮ್ಮಿನ ಮುಂದಿನ ಅಂಚು ಮತ್ತು ಹಿಂದಿನ ಅಂಚಿನಿಂದ ದಾರಕ್ಕೆ ಎಷ್ಟು ದೂರ ಅಂತ ಸ್ಟೀಲ್ ಸ್ಕೇಲಿನಲ್ಲಿ ಅಳೆದರೆ ಟೋ ಸಿಗುತ್ತೆ, ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋದು. ಮುಂದೆ ಸ್ವಲ್ಪ ಹೊರಕ್ಕೆ, ಹಿಂದೆ ಸ್ವಲ್ಪ ಒಳಕ್ಕೆ ಇಟ್ಟೆವು. ಹಿಂದಿನದು ಎಡಬಲ ಒಂದೇ ಇರೋದು ತುಂಬ ಮುಖ್ಯ. ಅದು ತಪ್ಪಿದರೆ ಕಾರು ನೇರ ರಸ್ತೆಯಲ್ಲೂ ಓರೆಯಾಗಿ ಹೋಗುತ್ತೆ.

ಕೊನೆಗೆ ತೂಕ. ನಾಲ್ಕು ಚಕ್ರದ ಕೆಳಗೆ ನಾಲ್ಕು ತಕ್ಕಡಿ. ಲೆಕ್ಕ ಸುಲಭವಾಗಲಿ ಅಂತ ಚಾಲಕಿ ಸೇರಿ ಒಟ್ಟು 500 ಕೆಜಿ ಅಂದುಕೊಳ್ಳಿ. ಎಡ ಮುಂದೆ 101, ಬಲ ಮುಂದೆ 99, ಎಡ ಹಿಂದೆ 150, ಬಲ ಹಿಂದೆ 150. ಬಲ ಮುಂದಿನದು ಮತ್ತು ಎಡ ಹಿಂದಿನದು ಕೂಡಿದರೆ 249. ಅಂದರೆ ಶೇಕಡಾ 49.8. ಇದನ್ನು ಕ್ರಾಸ್ ವೇಟ್ ಅಂತಾರೆ. 50ರ ಹತ್ತಿರ ಇದ್ದಷ್ಟೂ ಕಾರು ಎಡಕ್ಕೂ ಬಲಕ್ಕೂ ಒಂದೇ ರೀತಿ ತಿರುಗುತ್ತೆ. ಸರಿಮಾಡೋಕೆ ಸ್ಪ್ರಿಂಗಿನ ಕೆಳಗಿನ ಉಂಗುರ ತಿರುಗಿಸಬೇಕು. ಒಂದು ಮೂಲೆ ಎತ್ತಿದರೆ ಆ ಮೂಲೆಗೂ ಅದರ ಕರ್ಣದ ಮೂಲೆಗೂ ತೂಕ ಏರುತ್ತೆ, ಉಳಿದೆರಡಕ್ಕೆ ಇಳಿಯುತ್ತೆ. ಸ್ವಲ್ಪ ತಿರುಗಿಸಿ, ಕಾರನ್ನು ಮೇಲೆ ಕೆಳಗೆ ಅಲ್ಲಾಡಿಸಿ, ಮತ್ತೆ ಓದಿ. ಎತ್ತರ ಬದಲಾದರೆ ಟೋ ಮತ್ತು ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರೋದು) ಕೂಡ ಬದಲಾಗುತ್ತೆ, ಹಾಗಾಗಿ ದಾರಕ್ಕೆ ವಾಪಸ್ ಹೋಗಬೇಕು. ಸಂಜೆವರೆಗೂ ಇದೇ ಸುತ್ತು. ನನಗೆ ಈ ಕೆಲಸ ಬಹಳ ಇಷ್ಟ, ಎಷ್ಟು ಹೊತ್ತಾದರೂ ಬೇಸರ ಬರಲ್ಲ.

ಮೊದಲ ಸುತ್ತುಗಳು

ಮೊದಲ ರೇಸ್ ವಾರಾಂತ್ಯ ಸಾಧಾರಣವಾಗಿ ಹೋಯಿತು. ಅವಳು ಗುಂಪಿನ ಮಧ್ಯದಲ್ಲಿ ಮುಗಿಸಿದಳು. ಕಾರಿನ ಬಗ್ಗೆ ಅವಳು ಹೇಳಿದ್ದು ಒಂದೇ: "ಮಾಮ, ಕರ್ಬ್ ಹತ್ತಿ ಇಳಿದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದರೆ ಪೆಡಲ್ ಕೆಳಗೆ ಹೋಗುತ್ತೆ, ಎರಡನೇ ಸಲಕ್ಕೆ ಸರಿಯಾಗುತ್ತೆ."

ಬ್ರೇಕ್ ಪೈಪಿನೊಳಗೆ ಗಾಳಿ ಹೊಕ್ಕಿದ್ದರೆ ಪೆಡಲ್ ಯಾವಾಗಲೂ ಮೆತ್ತಗಿರಬೇಕು. ಇದು ಕರ್ಬ್, ಅಂದರೆ ಟ್ರ್ಯಾಕಿನ ಅಂಚಿನ ಉಬ್ಬು, ಹತ್ತಿದ ಮೇಲೆ ಮಾತ್ರ. ಚಕ್ರ ಜಾಕ್ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಲ ಮುಂದಿನ ಬೇರಿಂಗ್‌ನಲ್ಲಿ ಸ್ವಲ್ಪ ಆಟ. ಕರ್ಬ್ ಮೇಲೆ ಚಕ್ರ ಓಲಾಡಿದಾಗ ಡಿಸ್ಕ್ ಓರೆಯಾಗಿ ಪ್ಯಾಡುಗಳನ್ನು ಒಳಕ್ಕೆ ತಳ್ಳುತ್ತೆ. ಮೊದಲ ಒತ್ತು ಆ ಜಾಗ ತುಂಬೋಕೆ ಖರ್ಚಾಗುತ್ತೆ. ಬೇರಿಂಗ್ ಬದಲಾಯಿಸಿದ ಮೇಲೆ ದೂರು ಬರಲಿಲ್ಲ. ಹದಿಹರೆಯದ ಹುಡುಗಿ ಇಷ್ಟು ಸರಿಯಾಗಿ ಹೇಳಿದ್ದು ನನಗೆ ನಿಜಕ್ಕೂ ಹೆಮ್ಮೆ. ಯಾವಾಗ ಆಗುತ್ತೆ, ಯಾವಾಗ ಆಗಲ್ಲ, ಈ ಎರಡನ್ನೂ ಹೇಳುವ ಚಾಲಕರು ಸಿಕ್ಕಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಆದಹಾಗೇ.

ಮುಂದಿನ ಸುತ್ತಿನ ಹೊತ್ತಿಗೆ ಮೂರನೇ ಗೇರ್ ಹೊರಗೆ ಹಾರಲು ಶುರುವಾಯಿತು. ಹ್ಯೂಲ್ಯಾಂಡ್ ಪೆಟ್ಟಿಗೆಯಲ್ಲಿ ರಸ್ತೆಯ ಕಾರಿನಂತೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊಮೆಶ್ ಇರಲ್ಲ. ಗೇರನ್ನು ಶಾಫ್ಟಿಗೆ ಸಿಕ್ಕಿಸುವ ಡಾಗ್ ರಿಂಗಿನ ಹಲ್ಲುಗಳು ಗೇರಿನ ಹಲ್ಲುಗಳಿಗೆ ನೇರವಾಗಿ ಹೋಗಿ ಕಚ್ಚುತ್ತವೆ. ಗೇರ್‌ಬಾಕ್ಸನ್ನು ಕಾರಿನಿಂದ ಇಳಿಸಬೇಕಾಗಿಲ್ಲ, ಆಯಿಲ್ ಸೋಸಿ ಹಿಂದಿನ ಮುಚ್ಚಳ ಬಿಚ್ಚಿದರೆ ಗೇರುಗಳು ಕೈಗೆ ಸಿಗುತ್ತವೆ. ಟ್ರ್ಯಾಕಿಗೆ ತಕ್ಕಂತೆ ಗೇರ್ ಜೋಡಿ ಬದಲಾಯಿಸೋಕೆ ಅಂತಲೇ ಹೀಗೆ ಮಾಡಿದ್ದಾರೆ. ತೆಗೆದು ನೋಡಿದರೆ ಮೂರರ ಡಾಗ್ ಹಲ್ಲುಗಳ ಮೂಲೆ ದುಂಡಗಾಗಿದ್ದವು. ಈ ಹಲ್ಲುಗಳು ಸ್ವಲ್ಪ ಒಳಓರೆಯಾಗಿ ಕತ್ತರಿಸಿರುತ್ತವೆ, ಎಳೆತ ಹೆಚ್ಚಾದಷ್ಟೂ ಒಂದಕ್ಕೊಂದು ಬಿಗಿಯಾಗಿ ಸಿಕ್ಕಿಕೊಳ್ಳಲಿ ಅಂತ. ಆ ಓರೆ ಸವೆದರೆ ಗೇರ್ ತಾನಾಗಿ ಜಾರುತ್ತೆ.

ಹೊಸ ಡಾಗ್ ರಿಂಗ್ ಹಾಕಿದೆ. ಜೊತೆಗೆ ಆ ರಿಂಗನ್ನು ಆಚೀಚೆ ಸರಿಸುವ ಸೆಲೆಕ್ಟರ್ ಫೋರ್ಕ್ ಸರಿಯಾಗಿ ನಡುವೆ ನಿಲ್ಲುವಂತೆ ಹೊಂದಿಸಿದೆ. ಎರಡೂ ಕಡೆ ಹಲ್ಲು ಒಂದೇ ಆಳಕ್ಕೆ ಕಚ್ಚಬೇಕು. ಆಮೇಲೆ ಅವಳ ಜೊತೆ ಕೂತು ಮಾತಾಡಿದೆ. ಮೆಲ್ಲಗೆ ಗೇರ್ ಹಾಕಿದರೆ ಪೆಟ್ಟಿಗೆಗೆ ಒಳ್ಳೇದು ಅನ್ನೋದು ರಸ್ತೆಯ ಕಾರಿನ ಅಭ್ಯಾಸ, ಇಲ್ಲಿ ಅದೇ ಹಾಳುಮಾಡುತ್ತೆ. ಕೈ ನಿಧಾನವಾದರೆ ಹಲ್ಲಿನ ತುದಿಗಳು ಒಂದರ ಮೇಲೊಂದು ಕಟಕಟ ಬಡಿಯುತ್ತವೆ. ಒಂದೇ ಏಟಿಗೆ, ಗಟ್ಟಿಯಾಗಿ ಎಳೆಯಬೇಕು. ಎರಡೇ ಸೆಷನ್‌ನಲ್ಲಿ ಹಿಡಿದುಕೊಂಡಳು.

ಮಳೆಯ ರೇಸ್, ಮತ್ತು ಅದರ ನಂತರದ ಗೋಜಲು

ಸೀಸನ್ ಮಧ್ಯದಲ್ಲಿ ಮಳೆಯಲ್ಲಿ ರೇಸ್. ಮೊದಲ ಲ್ಯಾಪಿನಲ್ಲೇ ಪಕ್ಕದ ಕಾರು ಜಾರಿ ಬಂದು ನಮ್ಮ ಎಡ ಮುಂದಿನ ಚಕ್ರಕ್ಕೆ ಬಡಿಯಿತು. ಅವಳಿಗೆ ಏನೂ ಆಗಲಿಲ್ಲ. ಎಡ ಮುಂದಿನ ಎರಡೂ ವಿಶ್‌ಬೋನ್, ಪುಶ್‌ರಾಡ್, ಸ್ಟೀರಿಂಗ್ ರಾಡ್ ಬಗ್ಗಿದವು. ಪುಶ್‌ರಾಡ್ ಅಂದರೆ ಚಕ್ರದ ಏರಿಳಿತವನ್ನು ಸ್ಪ್ರಿಂಗ್ ಕಡೆಗೆ ತಲುಪಿಸುವ ಸರಳು. ವಿಶ್‌ಬೋನ್ ಬಗ್ಗಿದ್ದಕ್ಕೆ ಬೇಜಾರಿಲ್ಲ. ಚೌಕಟ್ಟಿಗಿಂತ ಮೊದಲು ಬಗ್ಗಲಿ ಅಂತಲೇ ಅದನ್ನು ಅಷ್ಟು ತೆಳ್ಳಗೆ ಮಾಡಿರೋದು. ಪೆಟ್ಟು ಬಿದ್ದ ಮೇಲೆ ಸೀಟ್ ಬೆಲ್ಟುಗಳನ್ನೂ ಹೊಸದು ಹಾಕಿದೆವು, ಒಂದು ಸಲ ಜೋರಾಗಿ ಎಳೆಸಿಕೊಂಡ ಬೆಲ್ಟನ್ನು ಮತ್ತೆ ನಂಬಬಾರದು.

ಅದೇ ವಾರಾಂತ್ಯದ ಎರಡನೇ ರೇಸಿಗೆ ಮುಂಚೆ ಬಿಡಿಭಾಗಗಳನ್ನೆಲ್ಲ ಬದಲಾಯಿಸಿ, ದಾರ ಕಟ್ಟಿ ಟೋ ಸರಿಮಾಡಿ ಕಳಿಸಿದೆವು. ಟ್ರ್ಯಾಕಿನ ಪಕ್ಕದ ನೆಲ ಸಮತಟ್ಟಿಲ್ಲ, ತೂಕ ನೋಡುವ ಪ್ರಶ್ನೆಯೇ ಇರಲಿಲ್ಲ. ಓಡಿಸಿ ಬಂದು ಹೆಲ್ಮೆಟ್ ತೆಗೆಯುತ್ತಲೇ ಹೇಳಿದಳು: "ಬಲಕ್ಕೆ ತಿರುಗಿಸಿದರೆ ಹಿಂದುಗಡೆ ಜಾರುತ್ತೆ. ಎಡಕ್ಕೆ ತಿರುಗಿಸಿದರೆ ಮುಂದುಗಡೆ ತಿರುಗೋದೇ ಇಲ್ಲ. ಬ್ರೇಕಲ್ಲಿ ಎಡ ಮುಂದಿನದು ಸುಮ್ನೆ ಲಾಕ್ ಆಗುತ್ತೆ ಮಾಮ."

ಟೈರು ನೋಡಿದರೆ ಎಡ ಮುಂದಿನದರ ಮೇಲೆ ಚಪ್ಪಟೆಯಾಗಿ ಸವೆದ ಜಾಗ. ಮೂರು ಗುರುತೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಬ್ರೇಕಿನಲ್ಲಿ ಮೊದಲು ಲಾಕ್ ಆಗೋದು ಯಾವ ಚಕ್ರದ ಮೇಲೆ ತೂಕ ಕಡಿಮೆ ಇದೆಯೋ ಅದು. ಒಂದು ಕಡೆ ಓವರ್‌ಸ್ಟೀರ್ (ಹಿಂದುಗಡೆ ಜಾರೋದು), ಇನ್ನೊಂದು ಕಡೆ ಅಂಡರ್‌ಸ್ಟೀರ್ (ಮುಂದುಗಡೆ ತಿರುಗದಿರೋದು) ಅಂದರೆ ಕ್ರಾಸ್ ವೇಟ್ ತಪ್ಪಿದೆ.

ಶೆಡ್ಡಿಗೆ ತಂದು ಅದೇ ಗುರುತಿನ ಮೇಲೆ ನಿಲ್ಲಿಸಿದೆ. ಅದೇ 500 ಕೆಜಿ ಲೆಕ್ಕದಲ್ಲಿ ಹೇಳುವುದಾದರೆ ಎಡ ಮುಂದೆ 93, ಬಲ ಮುಂದೆ 107, ಎಡ ಹಿಂದೆ 157, ಬಲ ಹಿಂದೆ 143. ಬಲ ಮುಂದೆ ಮತ್ತು ಎಡ ಹಿಂದೆ ಕೂಡಿದರೆ 264, ಶೇಕಡಾ 52.8. ಆದರೆ ಹೊಸ ಪುಶ್‌ರಾಡ್ ಬಲಗಡೆಯದರಷ್ಟೇ ಉದ್ದ ಇತ್ತು. ಸ್ಪ್ರಿಂಗ್ ಉಂಗುರಗಳೂ ಮುಂಚಿನ ಜಾಗದಲ್ಲೇ ಇದ್ದವು. ಹಾಗಾದರೆ ಎಡ ಮೂಲೆ ಯಾಕೆ ಕುಸಿಯಿತು?

ಇಲ್ಲಿ ಆ ಅಳತೆಯ ಪುಟ ಕೆಲಸಕ್ಕೆ ಬಂತು. ಎಡ ಮುಂದಿನ ಸಸ್ಪೆನ್ಷನ್ ಬಿಚ್ಚಿ ಒಂದೊಂದೇ ತೂತಿನ ದೂರ ಅಳೆದು ಹಳೆಯ ಅಂಕಿಯ ಪಕ್ಕ ಬರೆದೆ. ವಿಶ್‌ಬೋನ್ ಬ್ರಾಕೆಟ್ಟುಗಳು ನಾಲ್ಕೂ ಸರಿ. ಪುಶ್‌ರಾಡ್ ಬಂದು ಸೇರುವ, ಅದರ ತಳ್ಳುವಿಕೆಯನ್ನು ಸ್ಪ್ರಿಂಗ್ ಕಡೆಗೆ ತಿರುಗಿಸುವ ರಾಕರ್‌ನ ಬ್ರಾಕೆಟ್ ಮಾತ್ರ ಸುಮಾರು 4 ಮಿ.ಮೀ ಒಳಕ್ಕೂ ಮೇಲಕ್ಕೂ ಹೋಗಿತ್ತು. ಪೆಟ್ಟು ಚಕ್ರದಿಂದ ಪುಶ್‌ರಾಡಿಗೆ, ಅಲ್ಲಿಂದ ರಾಕರ್‌ಗೆ ಹೋಗಿ, ಬ್ರಾಕೆಟ್ ಕೂತಿದ್ದ ಪೈಪನ್ನೇ ಸ್ವಲ್ಪ ಅದುಮಿದೆ. ಕಣ್ಣಿಗೆ ಏನೇನೂ ಗೊತ್ತಾಗಲ್ಲ, ಪೇಂಟ್ ಕೂಡ ಸೀಳಿರಲಿಲ್ಲ. ರಾಕರ್‌ನ ಸನ್ನೆಯಿಂದಾಗಿ ಅಷ್ಟು ಚಿಕ್ಕ ಸರಿತ ಚಕ್ರದ ಹತ್ತಿರ ಇನ್ನೂ ದೊಡ್ಡದಾಗುತ್ತೆ.

ಸ್ಪ್ರಿಂಗ್ ಉಂಗುರ ತಿರುಗಿಸಿದರೆ ತಕ್ಕಡಿಯ ಅಂಕಿ ಸರಿಹೋಗುತ್ತೆ, ಅಷ್ಟೇ ಮಾಡಿ ಮುಂದಿನ ಸುತ್ತಿಗೆ ಹೋಗಬಹುದಲ್ವಾ ಅಂತ ಭಾವ ಕೇಳಿದರು. ನಿಂತ ಕಾರಿನಲ್ಲಿ ಸರಿ ಕಾಣುತ್ತೆ ನಿಜ. ಆದರೆ ರಾಕರ್‌ನ ಕೋನ ಎಡಬಲ ಬೇರೆಯಾಗಿಯೇ ಉಳಿಯುತ್ತೆ. ಚಕ್ರ ಇಷ್ಟು ಮೇಲೆ ಹೋದರೆ ಸ್ಪ್ರಿಂಗ್ ಎಷ್ಟು ಒತ್ತುತ್ತೆ ಅನ್ನುವ ಅನುಪಾತ ಎರಡೂ ಕಡೆ ಒಂದೇ ಇರಲ್ಲ. ತಿರುವಿನಲ್ಲಿ, ಕರ್ಬ್ ಮೇಲೆ ಮತ್ತೆ ಅದೇ ಎಡಬಲದ ಜಗಳ, ಈ ಸಲ ತಕ್ಕಡಿಯಲ್ಲೂ ಕಾಣದ ಹಾಗೆ. ಅವಳು ತನ್ನ ಕೈಯನ್ನೇ ಅನುಮಾನಿಸೋಕೆ ಶುರುಮಾಡುತ್ತಾಳೆ. ಕಲಿಯುವ ವಯಸ್ಸಿನಲ್ಲಿ ಅದು ಆಗಕೂಡದು ಅಂತ ನಾನು ಹಠಹಿಡಿದೆ. ಭಾವ ಒಪ್ಪಿದರು.

ಬಲಗಡೆಯ ಬ್ರಾಕೆಟ್ಟಿನ ಅಳತೆಯಿಂದ ಜಿಗ್, ಅಂದರೆ ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು, ಮಾಡಿದೆ. ಚೌಕಟ್ಟಿನ ಮುಂದಿನ ಭಾಗದ ಗಟ್ಟಿ ತೂತುಗಳಿಗೆ ಒಂದು ದಪ್ಪ ಸ್ಟೀಲ್ ಪಟ್ಟಿ ಬಿಗಿದು, ಅದರ ಮೇಲೆ ಬಲ ರಾಕರ್ ಬೋಲ್ಟಿನ ಜಾಗ ಗುರುತಿಸಿ, ಅದೇ ಅಳತೆಯನ್ನು ನಡುಗೆರೆಯಿಂದ ಎಡಕ್ಕೆ ತಿರುಗಿಸಿ ತೂತು ಹೊಡೆದೆ. ಅದುಮಿದ ಪೈಪಿನ ತುಂಡು ಕತ್ತರಿಸಿ ತೆಗೆದು, ಅದೇ ವ್ಯಾಸ, ಅದೇ ದಪ್ಪದ ಪೈಪನ್ನು ಮೀನಿನ ಬಾಯಿಯಂತೆ ಕೊನೆ ಕೊರೆದು ಕೂರಿಸಿದೆ. ಸಂದಿ ಎಲ್ಲೂ ಜಾಸ್ತಿ ಇರಬಾರದು, ಕಂಚು ಸಂದಿ ತುಂಬುವ ವಸ್ತು ಅಲ್ಲ. ಬ್ರಾಕೆಟ್ಟನ್ನು ಜಿಗ್‌ಗೆ ಬೋಲ್ಟ್ ಮಾಡಿಯೇ ಬ್ರೇಜ್ ಮಾಡಿದೆ. ಆಮೇಲೆ ತಾನಾಗಿ ಪೂರ್ತಿ ಆರಲು ಬಿಟ್ಟೆ. ಬಿಸಿಯಿರುವಾಗ ಜಿಗ್ ಬಿಚ್ಚಿದರೆ ಎಳೆದುಕೊಂಡು ಹೋಗುತ್ತೆ, ನೀರು ಹಾಕಿದರೆ ಪೈಪು ಗಡುಸಾಗಿ ಬಿರುಕು ಬಿಡುತ್ತೆ. ಬಿಚ್ಚಿ ಅಳೆದಾಗ ಹಳೆಯ ಅಂಕಿಗಿಂತ ಅರ್ಧ ಮಿ.ಮೀ ಒಳಗೇ ಇತ್ತು. ಡೈ ಹಾಕಿ ನೋಡಿದೆ, ಬಿಳಿ ಬಿಳಿಯಾಗೇ ಉಳಿಯಿತು. ತೂಕ ಮತ್ತೆ 50ರ ಹತ್ತಿರಕ್ಕೆ ಬಂತು, ಉಂಗುರಗಳನ್ನು ಮುಟ್ಟಬೇಕಾಗಿಯೇ ಬರಲಿಲ್ಲ.

ಮುಂದಿನ ಸುತ್ತಿನಲ್ಲಿ ಮೊದಲ ಸೆಷನ್ ಮುಗಿಸಿ ಬಂದವಳು ಕಾರಿನ ಬಗ್ಗೆ ಏನೂ ಹೇಳಲಿಲ್ಲ. ಒಂದು ತಿರುವಿನಲ್ಲಿ ತಾನು ಬೇಗ ಬ್ರೇಕ್ ಬಿಡುತ್ತಿದ್ದೇನೆ ಅನ್ನಿಸುತ್ತೆ, ಡೇಟಾ ನೋಡೋಣ ಅಂದಳು. ನನಗೆ ಬೇಕಾಗಿದ್ದದ್ದು ಅಷ್ಟೇ.

ಉಳಿದ ಸುತ್ತುಗಳು, ಟೈರು

ಆಮೇಲೆ ದೊಡ್ಡ ರಿಪೇರಿ ಬರಲಿಲ್ಲ. ಪ್ರತಿ ಸೆಷನ್ ಮುಗಿದ ಕೂಡಲೇ ಟೈರಿನ ಬಿಸಿ ಅಳೆಯೋದನ್ನು ರೂಢಿ ಮಾಡಿಕೊಂಡೆವು: ಒಳಅಂಚು, ನಡು, ಹೊರಅಂಚು. ಮೇಲ್ಮೈಗೆ ಲೇಸರ್ ಹಿಡಿದರೆ ಸಾಲದು, ಸೂಜಿ ಚುಚ್ಚುವ ಮೀಟರ್ ಬೇಕು, ಕಾರು ಟ್ರ್ಯಾಕಿನಿಂದ ಒಳಬರುವಷ್ಟರಲ್ಲೇ ಟೈರಿನ ಮೇಲ್ಪದರ ಆರಿರುತ್ತೆ. ನಡು ಜಾಸ್ತಿ ಬಿಸಿ ಇದ್ದರೆ ಗಾಳಿ ಹೆಚ್ಚು. ಒಳಅಂಚು ತೀರಾ ಬಿಸಿ ಇದ್ದರೆ ಕ್ಯಾಂಬರ್ ಹೆಚ್ಚು. ಎಡ ಮತ್ತು ಬಲದ ಅಂಕಿಗಳನ್ನು ಒಂದೇ ಪುಟದಲ್ಲಿ ಬರೆಯುತ್ತಾ ಹೋದರೆ ಚೌಕಟ್ಟಿನಲ್ಲಿ ಏನಾದರೂ ಸರಿದರೂ ಅಲ್ಲೇ ಸುಳಿವು ಸಿಗುತ್ತೆ. ಟ್ರ್ಯಾಕಿನಲ್ಲಿ ಬಲ ತಿರುವುಗಳು ಜಾಸ್ತಿ ಇದ್ದರೆ ಎಡ ಟೈರುಗಳು ಬಿಸಿಯಾಗೋದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯ ಸುತ್ತಿನ ಹೊತ್ತಿಗೆ ಅವಳು ಮುಂದಿನ ಗುಂಪಿನ ಜೊತೆ ಓಡುತ್ತಿದ್ದಳು. ಈ ಕಾರುಗಳಲ್ಲಿ ಮುಂದಿನವರ ಗಾಳಿಯ ನೆರಳಿನಲ್ಲಿ ಹಿಂದಿನವರಿಗೆ ನೇರ ರಸ್ತೆಯಲ್ಲಿ ದೊಡ್ಡ ಲಾಭ ಸಿಗುತ್ತೆ, ಹಾಗಾಗಿ ಐದಾರು ಕಾರುಗಳು ಒಟ್ಟಿಗೇ ಮುಗಿಸುತ್ತವೆ. ಆ ಗುಂಪಿನಲ್ಲಿ ಕಾರಿನ ಬಗ್ಗೆ ಯೋಚಿಸೋಕೆ ಸಮಯವೇ ಇರಲ್ಲ.

ಈಗ ನಡೆಯುತ್ತಿರುವ ಕೆಲಸ

ಕಾರು ಮತ್ತೆ ಬಿಚ್ಚಿದೆ. ಲೀಕ್‌ಡೌನ್‌ನಲ್ಲಿ ಒಂದು ಸಿಲಿಂಡರ್ ಉಳಿದವಕ್ಕಿಂತ ಸ್ವಲ್ಪ ಹಿಂದೆ ಬಿದ್ದಿದೆ, ಗಾಳಿ ಎಕ್ಸಾಸ್ಟ್ ಕಡೆ ಕೇಳಿಸುತ್ತೆ. ಹೆಡ್ ಮಾತ್ರ ಕೆಲಸಕ್ಕೆ ಕಳಿಸುತ್ತೇನೆ. ಡಾಗ್ ರಿಂಗುಗಳು ಚೆನ್ನಾಗಿವೆ. ರಾಡ್ ಎಂಡುಗಳಲ್ಲಿ ಹಿಂದಿನ ಹೊರಗಿನವು ಹೋಗಿವೆ.

ದೊಡ್ಡ ಕೆಲಸ ಸೀಟು. ಅವಳು ಈ ವರ್ಷ ಎತ್ತರ ಬೆಳೆದಿದ್ದಾಳೆ. ಕೊನೆಯ ರೇಸುಗಳಲ್ಲಿ ಮೊಣಕಾಲು ಸ್ಟೀರಿಂಗ್ ರ‍್ಯಾಕಿನ ಮೇಲಿನ ಪೈಪಿಗೆ ತಾಗುತ್ತಿತ್ತು, ಹೆಲ್ಮೆಟ್ಟೂ ರೋಲ್ ಹೂಪಿನ ಮಟ್ಟಕ್ಕೆ ಹತ್ತಿರವಾಗಿದೆ. ಹೂಪಿನ ತುದಿಯಿಂದ ಮುಂದಿನ ಹೂಪಿನ ತುದಿಗೆ ಗೆರೆ ಎಳೆದರೆ ಹೆಲ್ಮೆಟ್ ಅದರ ಕೆಳಗಿರಬೇಕು. ಹಾಗಾಗಿ ಹಳೆಯ ಫೋಮ್ ಸೀಟು ತೆಗೆದು ಹೊಸದು ಹಾಕಬೇಕು. ಎರಡು ದ್ರವ ಬೆರೆಸಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಅವಳು ರೇಸಿಂಗ್ ಬಟ್ಟೆ ಹಾಕಿಕೊಂಡು ಅದರ ಮೇಲೆ ಓಡಿಸುವ ಭಂಗಿಯಲ್ಲಿ ಅಲುಗಾಡದೆ ಕೂರಬೇಕು, ಫೋಮ್ ಉಬ್ಬಿ ಅವಳ ಬೆನ್ನಿನ ಆಕಾರ ಹಿಡಿಯುತ್ತೆ. ಉಬ್ಬುವಾಗ ಬಿಸಿಯಾಗುತ್ತೆ, ಒಂದೇ ಸಲ ಜಾಸ್ತಿ ಸುರಿಯಬಾರದು. ಬೆಂಕಿ ತಡೆಯುವ ಬಟ್ಟೆಯಿಂದ ಮೇಲೆ ಸುತ್ತಬೇಕು. ಪೆಡಲುಗಳನ್ನು ಮುಂದಕ್ಕೆ ಸರಿಸಬೇಕು, ಬ್ಯಾಲೆನ್ಸ್ ಬಾರ್ ಮತ್ತೆ ಹೊಂದಿಸಬೇಕು. ಅವಳ ತೂಕವೂ, ಆ ತೂಕ ಕೂರುವ ಜಾಗವೂ ಬದಲಾಗಿರೋದರಿಂದ ನಾಲ್ಕು ತಕ್ಕಡಿಯ ಅಂಕಿಗಳೂ ಹೊಸದಾಗಿ ಬರುತ್ತವೆ. ಮರಳಿನ ಚೀಲಗಳಿಗೆ ಇನ್ನೊಂದಿಷ್ಟು ಮರಳು ತುಂಬಿಟ್ಟಿದ್ದೇನೆ.